ಹೊರಗೆ ಬಿಟ್ಟ ಚಪ್ಪಲಿ

ಲೆಕ್ಕದ ಮೇಡಂ ಪರದೇಶದ ವಿಶ್ವವಿದ್ಯಾಲಯಕ್ಕೆ ಪಾದಾರ್ಪಣೆ ಮಾಡಿದ್ದು ಬಚ್ಚಲುಮನೆಯ ಸ್ಲಿಪ್ಪರಿನಲ್ಲಿ. ನೀಲಿ ರಬ್ಬರಿನದು, ಹೆಜ್ಜೆ ಇಟ್ಟಾಗಲೆಲ್ಲ ಚಟ್ ಎಂದು ಹಿಮ್ಮಡಿಗೆ ಬಡಿಯುವಂಥದು. ಆಗ ಅವರಿನ್ನೂ ಮೇಡಂ ಆಗಿರಲಿಲ್ಲ, ಒಂದು ವರ್ಷದ ಮಟ್ಟಿಗೆ ಅಲ್ಲಿಗೆ ಹೋಗಿದ್ದ ವಿನಿಮಯ ವಿದ್ಯಾರ್ಥಿನಿ. ನಾನಾ ದೇಶಗಳಿಂದ ಬಂದ ಅಂಥವರಿಗೆಲ್ಲ ದೊಡ್ಡ ಹಾಲಿನಲ್ಲಿ ಸ್ವಾಗತ ಏರ್ಪಾಡಾಗಿತ್ತು. ಮೇಡಂ ಎರಡೂ ಕಾಲುಗಳನ್ನು ಕುರ್ಚಿಯ ಅಡಿಗೆ ಎಳೆದುಕೊಂಡು, ತಮ್ಮ ಸರದಿ ಬರದಿರಲಿ ಎಂದುಕೊಳ್ಳುತ್ತಿರುವಾಗಲೇ ಸರದಿ ಬಂತು. ವೇದಿಕೆಯ ಮರದ ಮೆಟ್ಟಿಲು ಹತ್ತುವಾಗ ಒಂದು ಸ್ಲಿಪ್ಪರು ಕೆಳಗೇ ಉಳಿಯಿತು. ಕೊಕ್ಕರೆಯ ಹಾಗೆ ಒಂಟಿಕಾಲಿನಲ್ಲಿ ನಿಂತು ತಮ್ಮ ಹೆಸರು, ಊರು, ವಿಷಯ ಹೇಳಿದರು. ಅಷ್ಟರಲ್ಲಿ ಬಿಳಿಗಡ್ಡದ ಪ್ರೊಫೆಸರೊಬ್ಬರು ಆ ಸ್ಲಿಪ್ಪರನ್ನು ಬಹುಮಾನ ವಿತರಣೆಯ ಗತ್ತಿನಲ್ಲಿ ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟರು. ಹಾಲೆಲ್ಲ ಚಪ್ಪಾಳೆ. ಚಪ್ಪಲಿ ಹೋದರೂ ಚಪ್ಪಾಳೆಯಾದರೂ ಸಿಕ್ಕಿತಲ್ಲ ಎಂದು ಸಮಾಧಾನ ಪಟ್ಟುಕೊಳ್ಳುವ ವಯಸ್ಸು ಅದಾಗಿರಲಿಲ್ಲ.

ಚಪ್ಪಲಿ ಹೋದದ್ದು ಹೀಗೆ. ಹಿಂದಿನ ಸಂಜೆ ಮೇಡಂ ಬಸ್‌ಸ್ಟಾಪಿನಿಂದ ಪೆಟ್ಟಿಗೆ ಎಳೆದುಕೊಂಡು, ಕುಂಟುತ್ತ ಕುಂಟುತ್ತ ಹಾಸ್ಟೆಲು ಸೇರಿದ್ದರು. ರೂಮಿನ ಬಾಗಿಲು ತೆರೆದು, ಚಿಕ್ಕಂದಿನಿಂದ ಕಲಿತ ಹಾಗೆ ಚಪ್ಪಲಿಯನ್ನು ಹೊರಗೆ ಬಿಟ್ಟು, ತುದಿ ಗೋಡೆಗೆ ತಾಗುವಂತೆ ಜೋಡಿಸಿ ಒಳಗೆ ಹೋದರು. ಬೆಳಿಗ್ಗೆ ನೋಡಿದರೆ ಕಾರಿಡಾರು ಖಾಲಿ.

ಹಾಸ್ಟೆಲು ನೋಡಿಕೊಳ್ಳುವ ಹೆಂಗಸಿಗೆ ಇದರಲ್ಲಿ ದುಃಖಪಡುವಂಥದ್ದೇನೂ ಕಾಣಲಿಲ್ಲ.

"ಬಾಗಿಲ ಹೊರಗೆ ಇಟ್ಟೆ ಅಂದೆಯಲ್ಲಮ್ಮ?"

"ಹೌದು, ಹೊರಗೇ ಬಿಟ್ಟಿದ್ದೆ."

"ಇಲ್ಲಿ ಹೊರಗೆ ಇಟ್ಟರೆ ನಿನಗೆ ಬೇಡ ಅಂತ ಅರ್ಥ. ಬೇಕಾದೋರು ತಗೋತಾರೆ. ನನ್ನ ಇಸ್ತ್ರಿಪೆಟ್ಟಿಗೆ ಸಿಕ್ಕಿದ್ದೂ ಹಾಗೇ."

ಆ ಕಟ್ಟಡದಲ್ಲಿ ಮೇಜುದೀಪ, ಬಾಣಲೆ, ಕೊಡೆ ಎಲ್ಲವೂ ಹಾಗೆಯೇ ಕೈಯಿಂದ ಕೈಗೆ ದಾಟುತ್ತಿದ್ದವು. ಹೊಸ್ತಿಲು ದಾಟಿದ ವಸ್ತುವಿಗೆ ಯಜಮಾನರಿಲ್ಲ.

ಬೇರೆ ಯಾವ ಚಪ್ಪಲಿಯಾಗಿದ್ದರೂ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಇದು ಅಪ್ಪ ಕೈಯಾರೆ ಹೊಲಿದದ್ದು. ಮಾರುಕಟ್ಟೆಯ ಮೂಲೆಯಲ್ಲಿ ಅಪ್ಪನದು ಚಪ್ಪಲಿ ಅಂಗಡಿ. ಯಾರು ಎದುರಾದರೂ ಮೊದಲು ಕಾಲು ನೋಡಿ, ಆಮೇಲೆ ಮುಖ ನೋಡುವ ಮನುಷ್ಯ. ಮಗಳಿಗೆ ಸೀಟು ಸಿಕ್ಕಿತು ಎಂದು ತಿಳಿದ ದಿನ ಅವಳನ್ನು ಹಳೆಯ ಪೇಪರಿನ ಮೇಲೆ ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲಿನಲ್ಲಿ ಗೀಟು ಎಳೆದಿದ್ದರು. ಕಚಗುಳಿಗೆ ಅವಳು ಕುಣಿದರೆ, "ಅಲ್ಲಾಡಬೇಡವೇ, ದೇಶ ದಾಟೋ ಕಾಲಿದು" ಎಂದು ಗದರಿದ್ದರು. ಹೊರಡುವ ದಿನ ಇನ್ನೊಂದು ಮಾತು ಹೇಳಿದ್ದರು.

"ಬರೋವಾಗ ಇದನ್ನೇ ಹಾಕ್ಕೊಂಡು ಬಾ. ಸೋಲು ಸವೆದಿರೋದು ನೋಡಿದ್ರೆ ಸಾಕು, ನೀನು ಓಡಾಡಿ ಓದಿದ್ಯೋ ರೂಮಲ್ಲಿ ಬಿದ್ದುಕೊಂಡಿದ್ಯೋ ಅಂತ ನನಗೆ ಗೊತ್ತಾಗುತ್ತೆ."

"ಬೇರೆ ಮನೇಲಿ ಅಪ್ಪಂದಿರು ಮಾರ್ಕ್ಸ್‌ಕಾರ್ಡ್ ನೋಡ್ತಾರಪ್ಪ," ಎಂದಿದ್ದರು ಅಮ್ಮ.

ಅಪ್ಪನ ಕಸುಬಿನಲ್ಲಿ ಸೋಲು ಸವೆದಷ್ಟೂ ಗೆಲುವು. ಆ ಸೋಲೇ ಈಗ ನಾಪತ್ತೆ. ವರ್ಷ ಮುಗಿಯುವುದರೊಳಗೆ ಅದು ಸಿಗದಿದ್ದರೆ ಊರಿನಲ್ಲಿ ಇಳಿದು ಅಪ್ಪನಿಗೆ ಯಾವ ಕಾಲು ತೋರಿಸುವುದು?

ಕೆಲವು ದಿನಗಳಲ್ಲೇ ಅದು ಸಿಕ್ಕಿತು. ಆದರೆ ಎದುರು ರೂಮಿನವಳ ಕಾಲಿನಲ್ಲಿ. ಎಲ್ಲರಿಗೂ ಸೇರಿದ ಅಡುಗೆಮನೆಯಲ್ಲಿ ಅವಳು ಮೊಟ್ಟೆ ಒಡೆಯುತ್ತಿದ್ದಳು. ಸೇತುವೆ ಕಟ್ಟುವುದನ್ನು ಓದಲು ಇನ್ಯಾವುದೋ ದೇಶದಿಂದ ಬಂದವಳು. ಪುಟ್ಟ ಆಳು, ತಲೆಯ ಮೇಲೊಂದು ಜುಟ್ಟು, ತಿನ್ನುವುದು ಕೊಂಚ, ಕಿಚಿಪಿಚಿ ವಿಪರೀತ. ಮೇಡಂ ಮನಸ್ಸಿನಲ್ಲೇ ಗುಬ್ಬಿ ಎಂದು ಹೆಸರಿಟ್ಟರು. ಗುಬ್ಬಿಯ ಎರಡೂ ಹೆಬ್ಬೆರಳಿಗೆ ಗಾಯದ ಪಟ್ಟಿ, ಪಟ್ಟಿಯ ಮೇಲೆ ಅಪ್ಪನ ಚಪ್ಪಲಿಯ ಬಾರು.

"ಆ ಚಪ್ಪಲಿ…" ಎಂದು ಮೇಡಂ ಬಾಯಿ ತೆರೆದರು.

"ಚೆನ್ನಾಗಿದೆ ಅಲ್ವಾ? ಯಾರೋ ಹೊರಗೆ ಇಟ್ಟಿದ್ರು. ಇಂಥದನ್ನ ಬಿಸಾಕೋಕೆ ಯಾವ ಪುಣ್ಯಾತ್ಮರಿಗೆ ಮನಸ್ಸು ಬಂತೋ."

ಪುಣ್ಯಾತ್ಮರು, "ತುಂಬಾ ಚೆನ್ನಾಗಿದೆ" ಎಂದರು. ನಾಳೆ ಕೇಳಿದರಾಯಿತು ಎಂದುಕೊಂಡರು.

ಮಾರನೆಯ ದಿನ, ಎಷ್ಟು ತಿರುಗಿಸಿದರೂ ಹೊತ್ತಿಕೊಳ್ಳದ ಒಲೆಯನ್ನು ಮೊದಲು ಒತ್ತಿ ಆಮೇಲೆ ತಿರುಗಿಸಬೇಕು ಎಂದು ಗುಬ್ಬಿ ತೋರಿಸಿಕೊಟ್ಟಳು. ಒಲೆ ಹಚ್ಚಿಕೊಟ್ಟವಳ ಹತ್ತಿರ ಚಪ್ಪಲಿ ಬಿಚ್ಚು ಅನ್ನಲಾಗುತ್ತದೆಯೇ? ಇನ್ನೊಂದು ದಿನ ಮೇಡಂ ಬಟ್ಟೆ ಒಗೆಯುವ ಯಂತ್ರಕ್ಕೆ ಸೋಪಿನ ಪುಡಿಯನ್ನು ಧಾರಾಳವಾಗಿ ಸುರಿದು, ಕೋಣೆಯ ತುಂಬ ನೊರೆ ಉಕ್ಕಿಸಿದರು. ಬೇರೆಯವರು ಬಾಗಿಲಲ್ಲಿ ನಿಂತು ನಕ್ಕರೆ, ಗುಬ್ಬಿ ಪ್ಯಾಂಟು ಮಡಚಿಕೊಂಡು ಬಂದು ಜೊತೆಗೆ ಒರೆಸಿದಳು. ಒರೆಸುವ ಮೊದಲು ಚಪ್ಪಲಿ ಒದ್ದೆಯಾಗಬಾರದೆಂದು ಬಿಚ್ಚಿ ಮೇಲೆ, ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ಕೈಗೆಟುಕುವ ದೂರ. ಮೇಡಂ ಅದನ್ನೇ ನೋಡುತ್ತ ನೊರೆ ಬಾಚಿದರು.

ಆಮೇಲೆ ಚಳಿಗಾಲ. ಹಾಸ್ಟೆಲಿನಲ್ಲಿ ಎಲ್ಲಕ್ಕಿಂತ ಬೆಚ್ಚಗಿನ ಜಾಗ ಬಟ್ಟೆ ಒಣಗಿಸುವ ಯಂತ್ರದ ನೆತ್ತಿ. ಇಬ್ಬರೂ ಅದರ ಮೇಲೆ ಹತ್ತಿ ಕೂತು, ಕೆಳಗೆ ಯಾರದೋ ಬಟ್ಟೆ ಗಿರಗಿರ ತಿರುಗುತ್ತಿರುವಾಗ, ಒಬ್ಬರ ಊರಿನ ಕಥೆ ಒಬ್ಬರಿಗೆ ಹೇಳುತ್ತಿದ್ದರು. ಗುಬ್ಬಿಗೆ ಅಜ್ಜಿಯ ನೆನಪು ಬಂದರೆ ಅಳು, ಮೇಡಂಗೆ ಗುಬ್ಬಿ ಅತ್ತರೆ ಅಳು. ಮೇಡಂ ಕಾಲಿನಲ್ಲಿ ಹೊಸದಾಗಿ ಕೊಂಡ ಮೆತ್ತನೆಯ ಬಟ್ಟೆಯ ಶೂ. ಗುಬ್ಬಿ ಚಪ್ಪಲಿಯನ್ನು ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಉಯ್ಯಾಲೆ ಆಡಿಸುತ್ತಿದ್ದಳು. ಎಡಗಾಲಿನದು ಹೆಚ್ಚು ಸವೆಯುತ್ತಿದೆ, ಅಪ್ಪ ಏನಂದುಕೊಳ್ಳುತ್ತಾರೋ ಎಂದು ಮೇಡಂಗೆ ಚಿಂತೆ. ಇಂದಿಗೂ ಬಿಸಿ ಆರದ ಬಟ್ಟೆಯ ವಾಸನೆ ಮೂಗಿಗೆ ಬಿದ್ದರೆ ಅವರು ಒಂದು ಗಳಿಗೆ ನಿಂತುಬಿಡುತ್ತಾರೆ. ಪಕ್ಕದಲ್ಲಿ ಯಾರೋ ಕಾಲು ಆಡಿಸುತ್ತ ಕೂತ ಹಾಗೆ.

ಊರಿಂದ ಫೋನು ಬಂದರೆ ಅಪ್ಪನ ಮೊದಲ ಪ್ರಶ್ನೆಯೇ ಅದು.

"ಚಪ್ಪಲಿ ಹೇಗಿದೆ?"

"ಚೆನ್ನಾಗಿ ಓಡಾಡ್ತಿದೆ ಅಪ್ಪ."

"ದಿನಾ ಹಾಕ್ಕೋತೀಯಾ?"

"ಒಂದು ದಿನಾನೂ ತಪ್ಪಿಸಿಲ್ಲ."

ಯಾರು ತಪ್ಪಿಸಿಲ್ಲ ಎಂದು ಅಪ್ಪ ಕೇಳಲಿಲ್ಲ, ಇವರು ಹೇಳಲಿಲ್ಲ. ಸುಳ್ಳಂತೂ ಅಲ್ಲವಲ್ಲ.

ವರ್ಷ ಮುಗಿದಾಗ ಮೊದಲು ಹೊರಟವಳು ಗುಬ್ಬಿ. ಅವಳ ಪೆಟ್ಟಿಗೆಯ ಮೇಲೆ ಇಬ್ಬರೂ ಕುಳಿತರೂ ಅದು ಮುಚ್ಚಲಿಲ್ಲ. ಹೊರಡುವ ದಿನವೂ ಮೇಡಂ ಚಪ್ಪಲಿಯ ಮಾತು ಎತ್ತಲಿಲ್ಲ. ಗುಬ್ಬಿ ಬೂಟು ಹಾಕಿಕೊಂಡು ಬಂದು ಅವರನ್ನು ಅಪ್ಪಿಕೊಂಡಳು. ಟ್ಯಾಕ್ಸಿ ಮರೆಯಾಗುವ ತನಕ ಕೈಬೀಸಿ, ಮೂಗೊರೆಸಿಕೊಳ್ಳುತ್ತ ಮೇಲೆ ಬಂದರೆ, ಗುಬ್ಬಿಯ ಬಾಗಿಲ ಹೊರಗೆ ಒಂದು ಬಾಣಲೆ, ಒಂದು ಮೇಜುದೀಪ, ಮತ್ತೆ ಅಪ್ಪನ ಚಪ್ಪಲಿ. ತುದಿ ಗೋಡೆಗೆ ತಾಗುವಂತೆ ಜೋಡಿಸಿತ್ತು. ಅದನ್ನು ಅವಳು ಮೇಡಂ ಅವರಿಂದಲೇ ಕಲಿತಿರಬೇಕು. ಬೇಕಾದವರು ತಗೊಳ್ಳಬಹುದು. ಮೇಡಂ ಆಚೆ ಈಚೆ ನೋಡಿ, ತಮ್ಮ ಸ್ವಂತ ಚಪ್ಪಲಿಯನ್ನು ಕಳ್ಳರ ಹಾಗೆ ಎತ್ತಿಕೊಂಡು ಕಾಲಿಗೆ ಸಿಕ್ಕಿಸಿದರು. ಒಳಗೆ ಇನ್ನೂ ಬೆಚ್ಚಗಿದ್ದಂತೆ ಇತ್ತು.

ಊರಿನ ರೈಲ್ವೆ ಸ್ಟೇಷನ್ನಿನಲ್ಲಿ ಅಪ್ಪ ಮುಖ ನೋಡುವ ಮೊದಲು ಕಾಲು ನೋಡಿದರು. ಪ್ಲಾಟ್‌ಫಾರ್ಮಿನಲ್ಲೇ ಚಪ್ಪಲಿ ಬಿಚ್ಚಿಸಿ ತಿರುವಿ ಹಿಡಿದರು.

"ಪರವಾಗಿಲ್ಲ, ಚೆನ್ನಾಗಿ ತಿರುಗಿದ್ದೀಯ. ಎಡಗಾಲು ಯಾಕೆ ಹೀಗೆ ಎಳೀತೀಯ? ಮೊದಲು ಹೀಗಿರಲಿಲ್ಲ."

"ಅಲ್ಲಿ ರಸ್ತೆ ಒಂದು ಕಡೆಗೆ ವಾಲಿದೆ ಅಪ್ಪ."

"ಎಂಥಾ ದೇಶವೋ," ಎಂದು ಅಪ್ಪ ಪೆಟ್ಟಿಗೆ ಎತ್ತಿಕೊಂಡರು. ಮಾರನೆಯ ದಿನವೇ ಸೋಲು ಬದಲಾಯಿತು.

ಆ ಅಪ್ಪ ಈಗ ಗೋಡೆಯ ಮೇಲಿನ ಫೋಟೋ. ಮೇಡಂ ಕಾಲೇಜಿನಲ್ಲಿ ಲೆಕ್ಕ ಕಲಿಸುತ್ತ ನಿವೃತ್ತಿಯ ಹತ್ತಿರ ಬಂದಿದ್ದಾರೆ. ಚಪ್ಪಲಿ ಇನ್ನೂ ಅವರ ಮನೆಯ ಸ್ಟ್ಯಾಂಡಿನಲ್ಲಿದೆ. ಮೊನ್ನೆ ಅಣ್ಣನ ಮಗಳು, ಅವಳೂ ಒಂದು ವರ್ಷಕ್ಕೆ ಪರದೇಶದಲ್ಲಿ ಓದಲು ಹೊರಟವಳು, ಹೇಳಿ ಹೋಗಲು ಬಂದಿದ್ದಳು. ಬಾಗಿಲ ಹೊರಗೆ ಏನನ್ನೂ ಬಿಡಬೇಡ ಎಂಬ ಬುದ್ಧಿಮಾತಿನ ಜೊತೆ ಈ ಕಥೆಯನ್ನೂ ಪೂರ್ತಿ ಕೇಳಿಸಿಕೊಂಡಳು. ಕೇಳುತ್ತ ಕೇಳುತ್ತ ಹುಡುಗಿಯ ಕಣ್ಣು ಒದ್ದೆಯಾಯಿತು.

"ಅತ್ತೆ, ಬಾಯಿಬಿಟ್ಟು ಕೇಳಿದ್ರೆ ಅವಳು ಆವತ್ತೇ ಬಿಚ್ಚಿ ಕೊಡ್ತಿದ್ಲು. ಸ್ನೇಹ ಕೆಡುತ್ತೆ ಅಂತ ತಾನೆ ನೀವು ವರ್ಷಪೂರ್ತಿ ಕೇಳದೇ ಇದ್ದಿದ್ದು?"

ಮೇಡಂ ಗೋಡೆಯ ಮೇಲಿನ ಫೋಟೋ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಸ್ನೇಹ ಆಮೇಲೆ ಬಂತು ಕಣೇ. ನಿಮ್ಮ ತಾತ ಹೊಲಿದ ಹೊಸ ಚಪ್ಪಲಿ ಸಿಕ್ಕಾಪಟ್ಟೆ ಕಚ್ತಿತ್ತು. ಅವಳು ಹಾಕಿ ಹಾಕಿ ಮೆತ್ತಗೆ ಮಾಡ್ಲಿ ಅಂತ ಕಾದೆ."