ಹಸೆಮಣೆ, ಸ್ಯಾಂಡರ್ ಮತ್ತು ನನ್ನ ದೋಸೆ ಕಾವಲಿ ಕೈ

ಮಷೀನಿನಿಂದ ಹಾರಿದ ಪಾಲಿಶ್ ಪೇಪರ್ ಟೆರೇಸಿನ ಆಚೆ ತುದಿಗೆ ಹೋಗಿ, ಪಕ್ಕದ ಮನೆಯ ಮರಾಠಿ ಕಾಕು ಒಣಗಲು ಹಾಕಿದ್ದ ಗೋಧಿಯ ಮೇಲೆ ಬಿತ್ತು.

ಅದು ಆ ಬೆಳಿಗ್ಗೆಯ ನಾಲ್ಕನೇ ಪೇಪರ್.

"ಅಹೋ ಭಾವೂ, ಪುರೇ ಆತಾ!" ಎಂದು ಕಾಕು ಕೂಗಿದರು. ಇನ್ನು ಸಾಕು ಮಾಡಿ ಎಂದರೂ ನಗುತ್ತಲೇ ಅಂದರು, ನನ್ನ ಪುಣ್ಯ.

ವಿಷಯ ಏನೆಂದರೆ, ಅದರ ಮುಂದಿನ ಭಾನುವಾರ ಡೊಂಬಿವಲಿಯ ಹಾಲ್‌ನಲ್ಲಿ ನನ್ನ ಮಗಳು ನವ್ಯಳ ಮದುವೆಯಿತ್ತು. ನಾನೂ ನನ್ನ ಹೆಂಡತಿ ಶಕುಂತಲಾಳೂ ಧಾರೆಗೆ ಕೂತ ಹಲಸಿನ ಮರದ ಹಸೆಮಣೆಯ ಮೇಲೆಯೇ ಅವಳೂ ಕೂರಬೇಕು ಅಂತ ನನ್ನ ಆಸೆ. ಆಸೆ ಏನು, ಹಠ ಅನ್ನಿ.

ಉಡುಪಿಯಿಂದ ಬಂದ ಆ ಮಣೆ ಎಷ್ಟೋ ವರ್ಷದಿಂದ ಕಾಮೋಠೆಯ ನಮ್ಮ ಫ್ಲಾಟಿನ ಮಂಚದ ಅಡಿಯಲ್ಲೇ ಇತ್ತು. ಮೇಲೆ ಹಸಿರು ಬಣ್ಣ, ಅದರಡಿ ಕೆಂಪು, ಎರಡೂ ಚಕ್ಕೆ ಚಕ್ಕೆಯಾಗಿ ಎದ್ದಿದ್ದವು. ಅಂಚಿನಲ್ಲಿ ಸಿಬಿರು ಬೇರೆ.

ನಾವು ಮನೆಯಲ್ಲಿ ತುಳು ಮಾತಾಡಿದರೆ ನವ್ಯ ಉತ್ತರಿಸುವುದು ಹಿಂದಿಯಲ್ಲಿ. "ಪಪ್ಪಾ, ಚುಭ್ತಾ ಹೈ ಯೇ. ಸಾಡಿ ಫಟ್ ಜಾಯೇಗಿ. ಹಾಲ್‌ವಾಲೇ ಚೇರ್ ದೇ ರಹೇ ಹೈ ನಾ!" ಮಣೆ ಚುಚ್ಚುತ್ತದೆ, ಸೀರೆ ಹರಿಯುತ್ತದೆ ಅಂತ ಅವಳ ದೂರು.

ಹಾಲ್‌ನವರು ಕೊಡುವುದು ಕೆಂಪು ವೆಲ್ವೆಟ್ಟಿನ ಸಿಂಹಾಸನದಂಥ ಚೇರು. ಕೊನೆಗೆ ಒಂದು ಒಪ್ಪಂದವಾಯಿತು. ಕೈ ಆಡಿಸಿದಾಗ ಎಲ್ಲೂ ಚುಚ್ಚದಷ್ಟು ನುಣುಪು ಮಾಡಿದರೆ ಮಣೆ, ಇಲ್ಲದಿದ್ದರೆ ಚೇರು.

ಆನ್‌ಲೈನ್‌ನಲ್ಲಿ ಸ್ಯಾಂಡರ್ ತರಿಸಿದೆ. ಗುಂಡಗಿನ ಪ್ಯಾಡ್ ಗರಗರ ತಿರುಗುತ್ತದೆ, ಅದಕ್ಕೆ ಪಾಲಿಶ್ ಪೇಪರ್ ಅಂಟಿಸಿ ಮರ ಉಜ್ಜುವುದು. ಚಪ್ಪಲಿ ಪಟ್ಟಿಯ ಹಾಗೆ ಒತ್ತಿದರೆ ಕಚ್ಚಿಕೊಳ್ಳುವ ವೆಲ್ಕ್ರೋ.

ಮೊದಲ ದಿನ ಏನು ಉತ್ಸಾಹ! ಎರಡನೇ ದಿನದಿಂದ ಪೇಪರ್ ನಿಲ್ಲಲೇ ಇಲ್ಲ. ಇಟ್ಟರೆ ಹಾರುತ್ತದೆ, ಇಟ್ಟರೆ ಹಾರುತ್ತದೆ...

ಪೇಪರ್ ಡೂಪ್ಲಿಕೇಟ್ ಎಂದು ಬೈದು ಪನ್ವೇಲಿಗೆ ಹೋಗಿ ಬೇರೆ ಪ್ಯಾಕೆಟ್ ತಂದೆ. ಅದೂ ಹಾರಿತು. ಸಿಟ್ಟಿನಲ್ಲಿ ಗೋಂದು ಹಚ್ಚಿ ಅಂಟಿಸಿದೆ. ಅರ್ಧ ನಿಮಿಷ ನಿಂತು, ಗೋಂದಿನ ಸಮೇತ ಕಾಕುವಿನ ಗೋಧಿಗೆ ಹೋದದ್ದು ಅದೇ.

"ಗೊತ್ತಿದ್ದವರನ್ನು ಕೇಳಿದರೆ ಮಾನ ಹೋಗ್ತದಾ?" ಅಂದಳು ಶಕುಂತಲಾ.

ಆಗ ನೆನಪಾದವರು ಮಹಾದೇವಿ. ವಿಜಯಪುರದ ಕಡೆಯವರು, ಇರುವುದು ವಿಠ್ಠಲವಾಡಿಯಲ್ಲಿ, ಘಣಸೋಲಿಯ ಫರ್ನಿಚರ್ ಕಾರ್ಖಾನೆಯಲ್ಲಿ ಪಾಲಿಶ್ ಕೆಲಸ. ಅಲ್ಲೇ ಹತ್ತಿರದ ಹೋಟೆಲಿನಲ್ಲಿ ನಾನು ದೋಸೆ ಹುಯ್ಯುತ್ತಿದ್ದ ಕಾಲದಿಂದ ಪರಿಚಯ.

ಮಷೀನನ್ನು ಅಕ್ಕಿ ಚೀಲಕ್ಕೆ ತುಂಬಿ ಠಾಣೆ ಟ್ರೇನ್ ಹತ್ತಿದೆ. ಘಣಸೋಲಿಯ ಕಾರ್ಖಾನೆಯಲ್ಲಿ ಊಟದ ಬಿಡುವಿಗೆ ಮಹಾದೇವಿ ಸಿಕ್ಕರು.

ನಾನು ಪೇಪರಿನ ಮೇಲೆ ದೂರು ಹೇಳುತ್ತಲೇ ಇದ್ದೇನೆ, ಅವರು ಪೇಪರ್ ಕಡೆ ನೋಡಲೇ ಇಲ್ಲ. ಮಷೀನ್ ಬೋರಲು ಹಾಕಿ ಪ್ಯಾಡಿನ ಮೇಲೆ ಹೆಬ್ಬೆರಳು ಆಡಿಸಿದರು.

"ಅಣ್ಣಾರ, ಪೇಪರ್‌ದು ಏನೂ ತಪ್ಪಿಲ್ರಿ. ಪ್ಯಾಡ್ ಸುಟ್ಟೈತಿ. ಕೊಕ್ಕಿ ಎಲ್ಲಾ ಕರಗಿ ಹೋಗ್ಯಾವ ನೋಡ್ರಿ."

ನಿಜ. ಪೇಪರನ್ನು ಹಿಡಿದುಕೊಳ್ಳುವ ಸಣ್ಣ ಕೊಕ್ಕೆಗಳು ಕರಗಿ ಪ್ಯಾಡ್ ಹೊಳೆಯುತ್ತಿತ್ತು. ಅಂಚಂತೂ ಸವೆದೇ ಹೋಗಿತ್ತು.

"ಹ್ಯಾಂಗ ಉಜ್ಜತೀರಿ, ತೋರಸ್ರಿ?"

ತೋರಿಸಿದೆ. ಎರಡೂ ಕೈ ಊರಿ, ಭುಜದ ಭಾರವೆಲ್ಲ ಹಾಕಿ.

ಮಹಾದೇವಿ ಊಟದ ಡಬ್ಬಿ ಕೆಳಗಿಟ್ಟು ನಕ್ಕರು. "ಅಯ್ಯ, ಇದು ನಿಮ್ಮ ದ್ವಾಸಿ ಹಂಚಲ್ರಿ ಅಣ್ಣಾರ!"

ಅಲ್ಲಿಗೆ ನನ್ನ ಬಣ್ಣ ಬಯಲಾಯಿತು. ಇಪ್ಪತ್ತಾರು ವರ್ಷ ಇಟ್ಟಿಗೆ ಚೂರು ಹಿಡಿದು ಕಾವಲಿಯ ಜಿಡ್ಡು ಉಜ್ಜಿದ ಕೈ ಇದು. ಒತ್ತದೆ ಏನೂ ಸ್ವಚ್ಛವಾಗದು ಎಂದೇ ಅದು ಕಲಿತಿದೆ.

ಒತ್ತಿದಷ್ಟೂ ಬಿಸಿ, ಬಿಸಿಯಾದಷ್ಟೂ ಕೊಕ್ಕೆ ಕರಗುತ್ತದೆ ಎಂದು ತಿಳಿಸಿದರು. ಪೇಪರಿನ ತೂತು ಪ್ಯಾಡಿನ ತೂತಿಗೆ ಸರಿಯಾಗಿ ಕೂರದಿದ್ದರೆ ಧೂಳು ಹೊರಗೆ ಹೋಗದೆ ಇನ್ನೂ ಬಿಸಿಯಂತೆ. ನಾನು ತೂತು ನೋಡಿಯೇ ಇರಲಿಲ್ಲ!

ನಾಲ್ಕು ಸ್ಕ್ರೂ ಬಿಚ್ಚಿ ಹಳೆ ಪ್ಯಾಡ್ ನನ್ನ ಕೈಗಿಟ್ಟರು. ಎದುರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಅದನ್ನೇ ತೋರಿಸಿ, ತೂತು ಲೆಕ್ಕ ಹಾಕಿ ಹೊಸದು ತಂದೆ. ಅವರ ಊಟ ಮುಗಿಯುವ ಮೊದಲೇ ಕೂರಿಸಿಕೊಟ್ಟರು.

"ಕೈ ಬರೇ ಇಡ್ರಿ. ತೂಕ ಮಷೀನಿಂದ ಸಾಕ. ಮತ್ತ ಮದ್ವಿಗೆ ಕರೀರಿ."

ಮರುದಿನ ಮತ್ತೆ ಟೆರೇಸು. ಒತ್ತದಿರುವುದು ಎಷ್ಟು ಕಷ್ಟ ಗೊತ್ತಾ? ಭುಜ ತಾನಾಗಿಯೇ ಇಳಿಯುತ್ತದೆ, ನಾನು ಎತ್ತುತ್ತೇನೆ.

ಹಸಿರು ಹೋಯಿತು, ಕೆಂಪು ಹೋಯಿತು. ಅಡಿಯಿಂದ ಹಲಸಿನ ಹಳದಿ ಎದ್ದು ಬಂತು. ಪೇಪರ್ ಒಂದೂ ಹಾರಲಿಲ್ಲ. ಕಾಕುವಿನ ಗೋಧಿ ಬಚಾವ್.

ಮಣೆಯ ಒಂದು ಮೂಲೆಯಲ್ಲಿ ನಾಣ್ಯದಷ್ಟು ಕಪ್ಪು ಕಲೆ ಕಂಡಿತು. ಅದನ್ನೂ ತೆಗೆಯಲು ಹೊರಟೆ.

"ನಿಲ್ಲಿಸಿ!" ಎಂದಳು ಶಕುಂತಲಾ. ಮಷೀನ್ ಆಫ್ ಮಾಡಿ ನೋಡಿದೆ. ನೆನಪಾಯಿತು.

ನಮ್ಮ ಮದುವೆಯಲ್ಲಿ ಆರತಿ ತಟ್ಟೆಯಿಂದ ಕರ್ಪೂರ ಜಾರಿ ಮಣೆಯ ಮೇಲೆ ಬಿದ್ದಿತ್ತು. ಅಪಶಕುನ ಎಂದು ಯಾರೂ ಆಡಿಕೊಳ್ಳದಿರಲಿ ಎಂದು ಅಮ್ಮ ಮರುದಿನವೇ ಅದಕ್ಕೆ ಕೆಂಪು ಬಣ್ಣ ಬಳಿಸಿದ್ದರು. ನಾವಿಬ್ಬರೂ ಮರೆತೇಬಿಟ್ಟಿದ್ದೆವು.

ಶಕುಂತಲಾ ನಗಲು ಶುರು ಮಾಡಿದಳು. ನನಗೆ ಮಾತ್ರ ಕಣ್ಣು ತುಂಬಿತು. ಧೂಳು ಎಂದು ಸುಳ್ಳು ಹೇಳಿದೆ.

ಚಹಾ ತಂದ ನವ್ಯ ಕಥೆಯೆಲ್ಲ ಕೇಳಿದಳು. ಆ ಕಲೆಯ ಮೇಲೆ ಬೆರಳಾಡಿಸಿದಳು, ಅಂಚಿನುದ್ದಕ್ಕೂ ಕೈ ಎಳೆದಳು. ಎಲ್ಲೂ ಚುಚ್ಚಲಿಲ್ಲ.

ಹಾಕಿದ್ದ ಜೀನ್ಸಿನಲ್ಲೇ ಮಣೆಯ ಮೇಲೆ ಚಕ್ಕಳಮಕ್ಕಳ ಕೂತಳು. "ಪಪ್ಪಾ, ಇಸಕೋ ಮತ್ ಘಿಸ್ನಾ. ಮೈ ಇಸೀ ಕೋನೇ ಪೇ ಬೈಠೂಂಗಿ." ಕಲೆ ಉಜ್ಜಬೇಡಿ, ಈ ಮೂಲೆಯಲ್ಲೇ ಕೂರುತ್ತೇನೆ ಅಂತ.

ಮೊನ್ನೆ ಭಾನುವಾರ ಮಗಳು ಅದೇ ಮೂಲೆಯಲ್ಲೇ ಕೂತಳು. ಅಕ್ಷತೆ ಹಾಕಲು ಬಂದ ಮಹಾದೇವಿ, ವಧೂವರರಿಗಿಂತ ಮೊದಲು ಮಣೆಯ ಅಂಚಿಗೆ ಹೆಬ್ಬೆರಳು ಆಡಿಸಿ ನನ್ನ ಕಡೆ ತಲೆಯಾಡಿಸಿದರು. ವೆಲ್ವೆಟ್ ಚೇರಿನಲ್ಲಿ ಕಾಕು ಆರಾಮಾಗಿ ಕೂತಿದ್ದರು.

ನಿಮ್ಮ ಮಂಚದ ಅಡಿಯಲ್ಲಿ ಏನೇನಿದೆ, ಒಮ್ಮೆ ಬಗ್ಗಿ ನೋಡಿದ್ದೀರಾ?