ಒಂದೇ ಚುಚ್ಚಿಗೆ ತುಂಬಿದ ಎರಡು ಟ್ಯೂಬು

ಕೋವಿಡ್‌ನ ಎರಡನೇ ಅಲೆ ಇಳಿದ ಮರುವರ್ಷದ ಮಾತು. ಸರ್ಕಾರಿ ಪ್ರಯೋಗಾಲಯಗಳಲ್ಲಿ ಮೂವತ್ತೊಂದು ವರ್ಷ ರಕ್ತ, ಮೂತ್ರ, ಕಫ ನೋಡಿ ನಿವೃತ್ತಳಾದವಳು ನಾನು. ಆರು ತಿಂಗಳು ಕೂಡ ಮನೆಯಲ್ಲಿ ಸುಮ್ಮನೆ ಕೂರಲಾಗದೆ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಲ್ಯಾಬ್ ಇನ್‌ಚಾರ್ಜ್ ಆಗಿ ಸೇರಿಕೊಂಡಿದ್ದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಊರುಗಳ ನೀರು ಕುಡಿದಿದ್ದೇನೆ. ನರ್ಸಿಂಗ್ ಹೋಮು ಇವುಗಳಲ್ಲಿ ಒಂದರಲ್ಲಿತ್ತು. ಯಾವುದು ಎಂದು ಬರೆಯುವುದಿಲ್ಲ. ಇಪ್ಪತ್ತು ಹಾಸಿಗೆ, ಐಸಿಯು ಎಂದು ಬೋರ್ಡು ಹಾಕಿದ ಒಂದು ಕೋಣೆ, ಮೆಟ್ಟಿಲ ಕೆಳಗೆ ನನ್ನ ಲ್ಯಾಬು.

ಅಲ್ಲಿ ರಕ್ತ ತೆಗೆಯುತ್ತಿದ್ದವನು ಮಂಜಣ್ಣ. ನಲವತ್ತರ ಆಸುಪಾಸು, ಆರು ವರ್ಷದಿಂದ ಅಲ್ಲೇ ಇದ್ದವನು. ಅವನದು ಒಳ್ಳೆಯ ಕೈಗುಣ ಎಂದು ಊರೆಲ್ಲ ಹೆಸರು. ನಮ್ಮ ಕಡೆ ಜನ ರಕ್ತ ತೆಗೆಯುವವನನ್ನು ಅಳೆಯುವುದು ಒಂದೇ ಲೆಕ್ಕದಿಂದ, ಎಷ್ಟು ಸಲ ಚುಚ್ಚಿದ ಎಂದು. ಒಂದೇ ಸಲಕ್ಕೆ ತೆಗೆದರೆ ಪುಣ್ಯಾತ್ಮ, ಎರಡನೇ ಸಲಕ್ಕೆ ಸೂಜಿ ಎತ್ತಿದರೆ ಕೈ ಬಾರದವನು. ಮಂಜಣ್ಣ ಯಾರಿಗೂ ಎರಡನೇ ಸಲ ಚುಚ್ಚಿದವನಲ್ಲ. ಹಿರೇಹಡಗಲಿಯಿಂದ ಬಸ್ಸು ಹತ್ತಿ ಬಂದವರೂ ‘ಮಂಜಣ್ಣ ಅದಾನೇನ್ರಿ?’ ಎಂದು ಕೇಳಿ, ಇಲ್ಲ ಅಂದರೆ ಕಾಯುತ್ತ ಕೂರುತ್ತಿದ್ದರು.

ಅವನು ಕೆಲಸ ಮಾಡುವುದನ್ನು ನಾನು ದಿನವೂ ನೋಡುತ್ತಿದ್ದೆ. ಬೆಳಿಗ್ಗೆ ಹಾಕಿದ ಕೈಗವಸು ಮಧ್ಯಾಹ್ನದವರೆಗೆ ಅದೇ. ಅದರಲ್ಲೇ ಫೋನು, ಅದರಲ್ಲೇ ಬಾಗಿಲ ಚಿಲಕ, ಅದರಲ್ಲೇ ಚಹಾ ಲೋಟ. ತೋಳಿಗೆ ಬಿಗಿಯುವ ರಬ್ಬರು ಪಟ್ಟಿಯ ಮೇಲೆ ಯಾರ ಯಾರದೋ ರಕ್ತ ಒಣಗಿ ಕಂದುಗಟ್ಟಿತ್ತು. ನರದ ಮೇಲೆ ಸ್ಪಿರಿಟ್ ಹಚ್ಚಿ, ಅದು ತಾನಾಗಿ ಆರುವವರೆಗೆ ಕಾಯುವ ತಾಳ್ಮೆಯಿಲ್ಲದೆ, ಗುಟ್ಕಾ ಬಾಯಿಂದ ಉಫ್ ಎಂದು ಊದುತ್ತಿದ್ದ. ಊದಿದ ಮೇಲೆ ಅದೇ ಜಾಗವನ್ನು ಬೆರಳಿಂದ ಮತ್ತೊಮ್ಮೆ ಒತ್ತಿ ನೋಡುತ್ತಿದ್ದ. ಹಾಗಾದರೆ ಸ್ಪಿರಿಟ್ ಹಚ್ಚಿದ್ದು ಯಾತಕ್ಕೆ? ಕೇಳಿದರೆ ನಗುತ್ತಿದ್ದ. ಮಾಲೀಕ ಡಾಕ್ಟರಿಗೆ ಹೇಳಿದೆ. ‘ಹಳೇ ಮನುಷ್ಯ, ಹೊಂದಿಕೊಳ್ರಿ ಮೇಡಂ’ ಎಂದರು. ನಾನೂ ಹೊಂದಿಕೊಂಡೆ. ಈ ಮಾತನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆ ಆಗುತ್ತದೆ.

ಮುಂದಿನದು ಅರ್ಥವಾಗಬೇಕಾದರೆ ಓದುಗರಿಗೆ ಎರಡು ಟ್ಯೂಬುಗಳ ಪರಿಚಯ ಬೇಕು. ಕೆಂಪು ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟಬೇಕು. ಹೆಪ್ಪಿನ ಮೇಲೆ ನಿಲ್ಲುವ ತಿಳಿಯಾದ ಸೀರಂನಲ್ಲಿ ಪೊಟ್ಯಾಸಿಯಂ, ಕ್ಯಾಲ್ಸಿಯಂ ಮುಂತಾದವನ್ನು ಅಳೆಯುತ್ತೇವೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟಬಾರದು, ಅದು ರಕ್ತಕಣಗಳ ಎಣಿಕೆಗೆ. ಹೆಪ್ಪುಗಟ್ಟದಿರಲೆಂದು ಅದರೊಳಗೆ ಮೊದಲೇ ಇಡಿಟಿಎ ಎಂಬ ಲವಣ ಹಾಕಿರುತ್ತಾರೆ. ಆ ಲವಣದಲ್ಲೇ ಪೊಟ್ಯಾಸಿಯಂ ಇದೆ. ಜೊತೆಗೆ ಅದು ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಮೊದಲು ಕೆಂಪು, ಆಮೇಲೆ ನೇರಳೆ ಎಂಬ ಕ್ರಮ. ನೇರಳೆಯದರ ಒಂದೆರಡು ಹನಿ ಕೆಂಪಿಗೆ ಬಿದ್ದರೂ ಪೊಟ್ಯಾಸಿಯಂ ನಿಜಕ್ಕಿಂತ ಬಹಳ ಏರಿ, ಕ್ಯಾಲ್ಸಿಯಂ ಬಹಳ ಇಳಿದು ಕಾಣುತ್ತದೆ. ಯಂತ್ರಕ್ಕೆ ಇದು ಗೊತ್ತಾಗುವುದಿಲ್ಲ, ಕೊಟ್ಟದ್ದನ್ನು ಅಳೆಯುವುದಷ್ಟೇ ಅದರ ಕೆಲಸ.

ಆ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ನೀಲಮ್ಮ ಎಂಬ ಐವತ್ತೆರಡರ ಹೆಂಗಸು ದಾಖಲಾದರು. ಹಡಗಲಿ ಕಡೆಯವರು, ಸ್ವಂತ ಎರಡು ಎಕರೆಯಲ್ಲಿ ಮಲ್ಲಿಗೆ ಮಾಡಿಕೊಂಡಿದ್ದರು. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದವರು. ನಾಲ್ಕು ದಿನದಿಂದ ಭೇದಿ. ಈಗ ಕಾಲೆತ್ತಿ ಇಡಲು ಆಗುತ್ತಿಲ್ಲ ಎಂದು ಮಗಳು ಹೆಗಲು ಕೊಟ್ಟು ಕರೆತಂದಿದ್ದಳು. ಮಂಜಣ್ಣ ಹೋಗಿ ಎರಡು ಟ್ಯೂಬು ರಕ್ತ ತಂದಿಟ್ಟ. ಎರಡೂ ಗೆರೆಯವರೆಗೆ ಸರಿಯಾಗಿ ತುಂಬಿದ್ದವು.

ಪೊಟ್ಯಾಸಿಯಂ ಇರಬೇಕಾದದ್ದು ಮೂರೂವರೆಯಿಂದ ಐದರೊಳಗೆ. ಯಂತ್ರ ತೋರಿಸಿದ್ದು 8.7. ಅಷ್ಟಕ್ಕೆ ಹೃದಯ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು. ಇಂಥ ಅಂಕಿಯನ್ನು ಕ್ರಿಟಿಕಲ್ ವ್ಯಾಲ್ಯೂ ಎನ್ನುತ್ತೇವೆ. ರಿಪೋರ್ಟು ಅಚ್ಚಾಗುವವರೆಗೆ ಕಾಯದೆ ಡಾಕ್ಟರಿಗೆ ಫೋನಿನಲ್ಲೇ ತಿಳಿಸಬೇಕೆಂಬ ನಿಯಮ. ನಾನು ತಿಳಿಸಿದೆ. ಹೆಪ್ಪು ಎಂದಿನಂತೆ ಗಟ್ಟಿಯಾಗಿರದೆ ಸಡಿಲವಾಗಿದ್ದದ್ದು ಕಣ್ಣಿಗೆ ಬಿದ್ದಿತ್ತು. ಆದರೂ ತಿಳಿಸಿಬಿಟ್ಟೆ.

ಕಾಲು ಗಂಟೆಯ ಮೇಲೆ ಅದೇ ಸೀರಂನ ಕ್ಯಾಲ್ಸಿಯಂ ಬಂತು, 3.1. ಎಂಟೂವರೆಗಿಂತ ಮೇಲೆ ಇರಬೇಕಾದದ್ದು. ಮೂರು ಇರುವ ಮನುಷ್ಯರು ಕೈಕಾಲು ಸೆಟೆದು ಫಿಟ್ಸ್ ಬಂದು ಬಿದ್ದಿರಬೇಕು. ನೀಲಮ್ಮ ಮಗಳ ಹೆಗಲ ಮೇಲೆ ಕೈ ಹಾಕಿಕೊಂಡು, ನನ್ನ ಲ್ಯಾಬಿನ ಮುಂದೆಯೇ, ಭೇದಿಗೆ ಕಾರಣವಾದ ಹೋಟೆಲಿನವನನ್ನು ಬೈಯುತ್ತ ಹೋದದ್ದನ್ನು ನಾನು ಕೇಳಿದ್ದೆ. ಹೀಗೆ ಒಂದು ಏರಿ ಇನ್ನೊಂದು ಪಾತಾಳಕ್ಕೆ ಇಳಿಯುವುದು ನೇರಳೆ ಟ್ಯೂಬಿನ ಲವಣ ಬೆರೆತಾಗ.

ಮಂಡಿನೋವು ಮರೆತು ಮೆಟ್ಟಿಲು ಹತ್ತಿದೆ. ಐಸಿಯು ಎಂಬ ಆ ಕೋಣೆಯಲ್ಲಿ ಡ್ಯೂಟಿ ಡಾಕ್ಟರು, ಮಂಡ್ಯ ಕಡೆಯ ಹೊಸಬರು, ಇನ್ಸುಲಿನ್ ಸಿರಿಂಜಿಗೆ ಎಳೆದುಕೊಂಡು ಗ್ಲೂಕೋಸ್ ಬಾಟಲಿಗೆ ಸೇರಿಸಲು ನಿಂತಿದ್ದರು. ಏರಿದ ಪೊಟ್ಯಾಸಿಯಂ ಅನ್ನು ರಕ್ತದಿಂದ ಜೀವಕೋಶಗಳ ಒಳಕ್ಕೆ ತಳ್ಳುವ ಉಪಾಯ ಅದು. ಡಯಾಲಿಸಿಸ್‌ಗೆಂದು ಬಳ್ಳಾರಿಗೆ ಒಯ್ಯಲು ಆಂಬುಲೆನ್ಸಿಗೂ ಹೇಳಿಯಾಗಿತ್ತು. ಮಗಳು ಮೂಲೆಯಲ್ಲಿ ಅಳುತ್ತಿದ್ದಳು.

‘ಡಾಕ್ಟ್ರೇ, ಅದನ್ನ ಹಾಕಬ್ಯಾಡ್ರಿ. ಸ್ಯಾಂಪಲ್ ಕೆಟ್ಟೈತಿ.’

‘ಈಗ ತಾನೇ ನೀವೇ ಅಲ್ವಾ ಮೇಡಂ ಫೋನ್ ಮಾಡಿದ್ದು?’

‘ಹೌದು, ನಾನ ಮಾಡೀನಿ. ತಪ್ಪು ಮಾಡೀನಿ.’

ಅವರು ಸಿರಿಂಜು ಕೆಳಗಿಟ್ಟು ಇಸಿಜಿ ಕಾಗದವನ್ನು ಮತ್ತೊಮ್ಮೆ ಎತ್ತಿಕೊಂಡರು. ಪೊಟ್ಯಾಸಿಯಂ ಏರಿದರೆ ಅದರಲ್ಲಿ ಒಂದು ಅಲೆ ಚೂಪಾಗಿ ಏಳಬೇಕು. ನೀಲಮ್ಮನದರಲ್ಲಿ ಅದೇ ಅಲೆ ಚಪ್ಪಟೆ ಮಲಗಿತ್ತು. ‘ನನಗೂ ಇದು ಹೊಂದ್ತಿಲ್ಲ ಅನ್ನಿಸ್ತು. ಆದ್ರೆ ನಿಮ್ಮ ರಿಪೋರ್ಟು ಅಂತ...’ ಎಂದರು. ನನ್ನ ಮೂವತ್ತೊಂದು ವರ್ಷದ ಹೆಸರು ಆ ಬಡಪಾಯಿಯ ಕಣ್ಣು ಕಟ್ಟಿತ್ತು.

ನಾನೇ ರಕ್ತ ತೆಗೆಯಲು ಕುಳಿತೆ. ಎಡಗೈಯಲ್ಲಿ ಸಲೈನ್ ಹೋಗುತ್ತಿತ್ತು, ಆ ಕೈಯಿಂದ ತೆಗೆದರೆ ರಕ್ತಕ್ಕೆ ಸಲೈನ್ ಬೆರೆಯುತ್ತದೆ. ಬಲಗೈ ಹಿಡಿದೆ. ನೀಲಮ್ಮ ಕೈ ಎಳೆದುಕೊಂಡರು.

‘ಮತ್ತ್ಯಾಕ್ರಿ ಯವ್ವಾ? ಈಗಿನ್ನ ತಗದ ಹೋಗ್ಯಾನ. ಮೈಯಾಗ ರಕ್ತ ಉಳಸ್ತೀರೋ ಇಲ್ಲೋ?’

ಹೆಸರು ಅವರ ಬಾಯಿಂದಲೇ ಕೇಳಿದೆ, ಊರು ಕೇಳಿದೆ, ಹೊಸ ಕೈಗವಸು ಹಾಕಿಕೊಂಡೆ, ಸ್ಪಿರಿಟ್ ಹಚ್ಚಿ ಅದು ಆರುವವರೆಗೆ ಕಾದೆ. ಸೂಜಿ ಇಟ್ಟೆ. ಭೇದಿಯಿಂದ ಒಣಗಿದ ಮೈ, ನರ ಜಾರಿಕೊಂಡಿತು. ಸೂಜಿ ತೆಗೆದು, ಹೊಸದು ಹಾಕಿ, ಸ್ವಲ್ಪ ಕೆಳಗೆ ಇನ್ನೊಮ್ಮೆ ಚುಚ್ಚಬೇಕಾಯಿತು. ನೀಲಮ್ಮ ಮಗಳ ಕಡೆ ತಿರುಗಿ, ನನಗೆ ಕೇಳಲಿ ಎಂದೇ, ‘ಮಂಜಣ್ಣ ಒಂದ ಚುಚ್ಚಿಗೆ ತಗದ ನೋಡವಾ. ಈಕಿ ದೊಡ್ಡ ಮೇಡಮ್ಮಂತ, ಕೈ ತೂತು ಮಾಡಿಟ್ಲು’ ಎಂದರು. ನಾನು ತಲೆ ತಗ್ಗಿಸಿಕೊಂಡು ಮೊದಲು ಕೆಂಪಿಗೆ, ಆಮೇಲೆ ನೇರಳೆಗೆ ತುಂಬಿಸಿದೆ.

ಪೊಟ್ಯಾಸಿಯಂ 2.4 ಬಂತು. ಅದನ್ನೇ ಯಂತ್ರಕ್ಕೆ ಎರಡನೇ ಸಲ ಹಾಕಿದೆ, ಮತ್ತೆ 2.4. ಮಾತ್ರೆ, ಭೇದಿ ಎರಡೂ ಸೇರಿ ಅವರ ಪೊಟ್ಯಾಸಿಯಂ ಬಸಿದುಹೋಗಿತ್ತು. ಕಾಲಲ್ಲಿ ಶಕ್ತಿ ಇಲ್ಲದ್ದು ಅದಕ್ಕೇ. ಆ ಸ್ಥಿತಿಯಲ್ಲಿ ಇನ್ಸುಲಿನ್ ಹೋಗಿದ್ದರೆ ಉಳಿದಷ್ಟೂ ಇಳಿದು ಹೃದಯ ತಾಳ ತಪ್ಪುತ್ತಿತ್ತು. ಕಾಗದದ ಮೇಲೆ ನಾವು ಸರಿಯಾದ ಚಿಕಿತ್ಸೆಯನ್ನೇ ಕೊಟ್ಟಿರುತ್ತಿದ್ದೆವು. ಡಾಕ್ಟರು ಚಿಕಿತ್ಸೆ ತಿರುಗಿಸಿ ಪೊಟ್ಯಾಸಿಯಂ ಅನ್ನೇ ನಿಧಾನವಾಗಿ ಹನಿಹನಿಯಾಗಿ ಏರಿಸಿದರು. ಮೂರನೆಯ ದಿನ ನೀಲಮ್ಮ ಎದ್ದು ಓಡಾಡಿದರು.

ಅದೇ ಮಧ್ಯಾಹ್ನ ಮಂಜಣ್ಣನನ್ನು ಲ್ಯಾಬಿಗೆ ಕರೆದು ಆ ಕೆಂಪು ಟ್ಯೂಬನ್ನು ಮುಂದಿಟ್ಟೆ. ಮುಚ್ಚಿಡಬೇಕು ಎಂಬ ಭಯ ಕೂಡ ಅವನಿಗಿರಲಿಲ್ಲ.

‘ಒಂದ ಚುಚ್ಚಿಗೆ ಪೂರ್ತಿ ಬರಲಿಲ್ರಿ. ಕೆಂಪಿಗೆ ಸಾಲಲಿಲ್ಲ, ನೇರಳೆದ್ರಾಗ ಜಾಸ್ತಿ ಇತ್ತು, ಚೂರು ಹಾಕೀನಿ. ಒಂದ ಮೈಯಾಗಿನ ರಕ್ತ ಅಲ್ಲೇನ್ರಿ ಮೇಡಂ? ಬ್ಯಾರೇದವ್ರದೇನ ಹಾಕಿಲ್ಲಲ್ಲ.’

‘ಇನ್ನೊಮ್ಮಿ ಚುಚ್ಚಾಕ ಏನಾಗಿತ್ತು ನಿನಗ?’

‘ಎರಡ ಸಲ ಚುಚ್ಚಿದ್ರ ಮಂಜಣ್ಣನ ಕೈ ಹೋತು ಅಂತಾರ ಮಂದಿ.’

‘ಯಾವಾಗಿಂದ ಹಿಂಗ ಮಾಡಾಕತ್ತೀ?’

‘ಮೊದ್ಲಿಂದಾನೂ. ನೀವ ನೋಡೀರಲ್ರಿ ಒಮ್ಮೆ.’

ಥೂ ಎಂದು ಅವನ ಮುಖಕ್ಕೆ ಅನ್ನಬೇಕೆಂದಿದ್ದವಳು ಆ ಕೆಂಪು ಟ್ಯೂಬನ್ನು ಎತ್ತಿ ನನ್ನ ಕಡೆಗೇ ಇಟ್ಟುಕೊಂಡೆ. ಹೌದು, ನೋಡಿದ್ದೆ. ಸೇರಿದ ಎರಡನೇ ತಿಂಗಳು, ಡೆಂಗಿ ಜ್ವರದ ನೂಕುನುಗ್ಗಲು. ಎರಡೂ ಟ್ಯೂಬುಗಳ ಮುಚ್ಚಳ ತೆಗೆದು ಒಂದನ್ನು ಇನ್ನೊಂದರ ಮೇಲೆ ಬಗ್ಗಿಸುತ್ತಿದ್ದ. ಆಮೇಲೆ ಹೇಳೋಣ ಎಂದುಕೊಂಡೆ. ಚಹಾ ಆರುತ್ತಿತ್ತು, ಕುಡಿಯಲು ಹೋದೆ. ಆಮೇಲೆ ಹೇಳಲೇ ಇಲ್ಲ.

ಮಾಲೀಕ ಡಾಕ್ಟರು ಎಲ್ಲ ಕೇಳಿಸಿಕೊಂಡು, ‘ಪೇಷಂಟ್ ಆರಾಮ ಅದಾಳಲ್ರಿ? ಮುಗೀತು. ಅವನ ಕೈ ನಂಬಿ ಬರೋ ಮಂದಿ ಅದಾರ, ದೊಡ್ಡದು ಮಾಡಬ್ಯಾಡ್ರಿ. ಆ ಹೆಣ್ಮಗಳಿಗಂತೂ ಏನೂ ಹೇಳಬ್ಯಾಡ್ರಿ’ ಎಂದರು. ಮಾತಾಡುತ್ತಲೇ ಮೊದಲ ರಿಪೋರ್ಟನ್ನು ಫೈಲಿನಿಂದ ತೆಗೆದು ಮಡಚಿ ಜೇಬಿಗೆ ಹಾಕಿಕೊಂಡರು. ಗುಟ್ಕಾ ಬಾಯಿಯ ಊದುವಿಕೆಗಿಂತ ಆ ಬಿಳಿಕೋಟಿನ ಜೇಬು ನನಗೆ ಅಸಹ್ಯವಾಗಿ ಕಂಡಿತು.

ನಾನು ಹೇಳಿದೆ. ಡಿಸ್ಚಾರ್ಜ್ ದಿನ ನೀಲಮ್ಮನ ಪಕ್ಕ ಕುಳಿತು, ಟ್ಯೂಬು, ಲವಣ, ಇನ್ಸುಲಿನ್, ನನ್ನ ಫೋನು, ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ. ಬೈಯುತ್ತಾರೆ, ಮಗಳು ಗಲಾಟೆ ಎಬ್ಬಿಸುತ್ತಾಳೆ ಎಂದು ಕಾದೆ. ನೀಲಮ್ಮ ತಮ್ಮ ಬಲಗೈಯ ನೀಲಿಗಟ್ಟಿದ ಕಲೆಯನ್ನು ಸವರಿಕೊಂಡರು.

‘ನನಗ ತಪ್ಪಿತು ಬಿಡ್ರಿ. ನನ್ನಂಗ ಇನ್ನ ಎಷ್ಟ ಮಂದಿಗೆ ಮಾಡೀರಿ ಇದನ್ನ?’

ಮಾಡ್ಯಾನ ಎನ್ನಲಿಲ್ಲ, ಮಾಡೀರಿ ಎಂದರು.

ಆ ಸಂಜೆ ನಾನು ಬಂದ ದಿನದಿಂದಿನ ರಿಜಿಸ್ಟರು ತೆಗೆದು ಕುಳಿತೆ. ಎಂಟು ತಿಂಗಳಲ್ಲಿ, ನೀಲಮ್ಮನನ್ನು ಬಿಟ್ಟು, ಪೊಟ್ಯಾಸಿಯಂ ಏಳರ ಮೇಲೆ ಇದ್ದವರು ಒಂಬತ್ತು ಜನ. ಅದರಲ್ಲಿ ಇಬ್ಬರ ಕ್ಯಾಲ್ಸಿಯಂ ಸರಿಯಾಗಿತ್ತು. ಉಳಿದ ಏಳು ಜನರಿಗೆ ಡಾಕ್ಟರು ಕ್ಯಾಲ್ಸಿಯಂ ಪರೀಕ್ಷೆ ಬರೆದೇ ಇರಲಿಲ್ಲ, ಹಾಗಾಗಿ ಆ ಅಂಕಿ ಸತ್ಯವೋ ಸುಳ್ಳೋ ಎಂದು ತಾಳೆ ನೋಡಲು ದಾರಿಯಿಲ್ಲ. ರಕ್ತವಂತೂ ಎಂದೋ ಚೆಲ್ಲಿಹೋಗಿದೆ. ಏಳೂ ಜನರಿಗೆ ಫೋನು ಮಾಡಿದೆ. ನಾಲ್ಕು ಮನೆಯಲ್ಲಿ ಆರಾಮ ಇದ್ದರು. ಎರಡು ಕಡೆ ಯಾರೂ ಎತ್ತಲಿಲ್ಲ. ಏಳನೆಯದು ಗುಡೇಕೋಟೆ ಹತ್ತಿರದ ಒಬ್ಬ ಕುರಿಗಾರರದು. ಎತ್ತಿದವಳು ಹೆಣ್ಣುಮಗಳು.

‘ಅಪ್ಪ ತೀರಿ ಐದ ತಿಂಗಳಾತ್ರಿ. ಬಳ್ಳಾರಿಗೆ ಒಯ್ಯೋದ್ರಾಗ ದಾರ್ಯಾಗ ಹೋದ್ರು. ನೀವ್ಯಾರು?’

ಅವರಿಗೆ ನಿಜವಾಗಿಯೂ ಕಿಡ್ನಿ ಕೆಟ್ಟಿರಬಹುದು. ನನ್ನ ಅಂಕಿ ಸರಿಯೇ ಇದ್ದಿರಬಹುದು. ಇರದೆಯೂ ಇರಬಹುದು. ರಿಜಿಸ್ಟರಿನಲ್ಲಿ 7.9 ಎಂದಿತ್ತು, ಪಕ್ಕದಲ್ಲಿ ‘ಫೋನಿನಲ್ಲಿ ತಿಳಿಸಲಾಗಿದೆ’ ಎಂದು ನನ್ನದೇ ಅಕ್ಷರ, ನನ್ನದೇ ಸಹಿ. ನೀಲಮ್ಮನಿಗೆ ಎಲ್ಲವನ್ನೂ ಹೇಳಿ ದೊಡ್ಡ ಮನುಷ್ಯಳಾಗಿದ್ದ ನಾನು ಆ ಹುಡುಗಿಗೆ, ‘ರಾಂಗ್ ನಂಬರ್ ಆತವಾ’ ಎಂದೆ.

‘ಇರ್ಲಿ ಬಿಡ್ರಿ ಯಮ್ಮಾ, ಒಮ್ಮೊಮ್ಮಿ ತಪ್ಪಾಗತೈತಿ’ ಎಂದು ಅವಳೇ ಸಮಾಧಾನ ಮಾಡಿ ಫೋನಿಟ್ಟಳು.

ಆ ತಿಂಗಳ ಕೊನೆಗೆ ಕೆಲಸ ಬಿಟ್ಟೆ. ಈಗ ಲ್ಯಾಬ್ ಕೋರ್ಸಿನ ವಿದ್ಯಾರ್ಥಿಗಳಿಗೆ ಆಗಾಗ ಪಾಠ ಹೇಳುತ್ತೇನೆ. ಸೂಜಿ ಹಿಡಿಸುವ ಮೊದಲು, ‘ರಕ್ತ ಸಾಲಲಿಲ್ಲ, ಇನ್ನೊಮ್ಮೆ ಚುಚ್ಚಬೇಕು’ ಎಂಬ ಮಾತನ್ನು ಪ್ರತಿಯೊಬ್ಬರಿಂದಲೂ ಗಟ್ಟಿಯಾಗಿ ಹೇಳಿಸುತ್ತೇನೆ. ಮಕ್ಕಳು ನಗುತ್ತಾರೆ. ಬೈಸಿಕೊಳ್ಳಲು ತಯಾರಿಲ್ಲದವರು ರಕ್ತ ತೆಗೆಯಲು ಬರಬಾರದು, ರಿಪೋರ್ಟಿಗೆ ಸಹಿ ಹಾಕಲೂ ಬರಬಾರದು. ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ಅದನ್ನು ಕಲಿಯುವ ಹೊತ್ತಿಗೆ ನಾನು ನಿವೃತ್ತಳಾಗಿದ್ದೆ, ಗುಡೇಕೋಟೆಯ ಆ ಮನೆಗೆ ಇನ್ನೂ ಫೋನು ಮಾಡಿಲ್ಲ.