ಕಂಡಕ್ಟರ ಬಾಗಿಲು

ಅವರ ಎಡಭುಜ ಬಲಭುಜಕ್ಕಿಂತ ಎರಡು ಬೆರಳು ತಗ್ಗಿತ್ತು. ಅಮೃತೂರಿನ ಖಾಸಗಿ ಬಸ್ಸಿನಲ್ಲಿ ಆಯಸ್ಸೆಲ್ಲ ಚರ್ಮದ ಚೀಲ ನೇತುಹಾಕಿಕೊಂಡು ನಿಂತದ್ದರ ಗುರುತು ಅದು. ಚೀಲ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಭುಜ ಮೇಲೆ ಬರಲಿಲ್ಲ. ಕುಣಿಗಲ್ಲಿನ ನಮ್ಮ ಬೀದಿಯ ಮೇಲ್ತುದಿಯಲ್ಲಿ ಒಂದು ಬಾಡಿಗೆ ಕೋಣೆ ಮಾಡಿಕೊಂಡು ಒಬ್ಬರೇ ಇದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಮಗೆಲ್ಲ ಅವರು ಬರೀ ಕಂಡಕ್ಟರು.

ಕೆಲಸ ಬಿಟ್ಟ ಮೇಲೆ ಬೀದಿಯ ಮುದುಕ ಮುದುಕಿಯರನ್ನೇ ಒಂದು ಬಸ್ಸು ಮಾಡಿಕೊಂಡು ದಿನಾ ಬೆಳಿಗ್ಗೆ ವಾಕಿಂಗಿಗೆ ಹೊರಡಿಸಿದರು. ಬೆಳಕು ಹರಿಯುತ್ತಲೇ ಪಕ್ಕದ ಮನೆಯ ಬಾಗಿಲನ್ನು ಎರಡು ಸಲ ತಟ್ಟುವರು, ಬಸ್ಸಿನ ತಗಡು ತಟ್ಟಿದ ಹಾಗೆ. ಆ ಮನೆಯವರು ಹೊರಬಂದು ಮುಂದಿನ ಮನೆಯ ಬಾಗಿಲು ತಟ್ಟಬೇಕು, ಅವರು ಅದರ ಮುಂದಿನದನ್ನು. ಯಾರಾದರೂ ತೆಗೆಯದಿದ್ದರೆ ಎಲ್ಲರೂ ಅಲ್ಲೇ ನಿಂತು ಕೂಗಬೇಕು. ನಿಧಾನದವರನ್ನು ದಾಟಿ ಯಾರಾದರೂ ಮುಂದೆ ಹೋದರೆ ಹಿಂದಿನಿಂದ, ಬಸ್ಸು ನಿಲ್ಲಿಸುವ ಹಾಗೆ, "ಹೋಲ್ಡಾನ್" ಎನ್ನುತ್ತಿದ್ದರು.

ಅಪ್ಪ ಹೋದ ಮೇಲೆ ನಮ್ಮಮ್ಮ ಮಂಚ ಬಿಟ್ಟು ಏಳುವುದನ್ನೇ ಮರೆತಿದ್ದಳು. ನಾನು ಬೈದೆ, ಬೇಡಿಕೊಂಡೆ, ಏನೂ ಆಗಲಿಲ್ಲ.

"ಕಾಲು ಬರಲ್ಲ ಕಣಣ್ಣ," ಎಂದಳು, ಕಂಡಕ್ಟರು ಬಾಗಿಲಿಗೆ ಬಂದ ದಿನ.

"ಹೊಸಿಲ ತಂಕ ಬಾರವ್ವ. ಇವತ್ತಿಗೆ ಅದೇ ನಿನ್ ಸ್ಟಾಪು, ಇಳ್ಕೊಂಬುಡು."

ಮರುದಿನ ಸ್ಟಾಪು ಗೇಟಿಗೆ ಹೋಯಿತು, ಆಮೇಲೆ ರೇಷನ್ ಅಂಗಡಿಗೆ. ಮಳೆಗಾಲ ಮುಗಿಯುವಷ್ಟರಲ್ಲಿ ಅಮ್ಮ ಪಾರ್ಕು ಮುಟ್ಟಿದ್ದಳು.

ಆ ಪಾರ್ಕು ಸಿಕ್ಕಿದ್ದೂ ಅವರಿಂದಲೇ. ಗಿಡಗಂಟೆ ಬೆಳೆದು ಗೇಟಿಗೆ ಬೀಗ ಬಿದ್ದಿತ್ತು. ಅರ್ಜಿ ಹಿಡಿದು ಅಲೆಯುವ ತಾಳ್ಮೆ ಅವರಿಗಿರಲಿಲ್ಲ. ಒಂದು ದಿನ ಎಲ್ಲರನ್ನೂ ಊರುಗೋಲು ಸಮೇತ ಪುರಸಭೆಗೆ ಕರೆದುಕೊಂಡು ಹೋಗಿ ಅಲ್ಲಿನ ಪಡಸಾಲೆಯಲ್ಲೇ ಸುತ್ತು ಹಾಕಿಸಿದರು. ಸಾಹೇಬರು ಹೊರಗೆ ಬಂದು, "ಏನ್ ಯಜಮಾನ್ರೆ ಇದು?" ಎಂದರು.

"ವಾಕಿಂಗು ಸ್ವಾಮಿ. ಪಾರ್ಕಿಗೆ ಬೀಗ ಹಾಕಿತ್ತು, ನಿಮ್ದು ತೆಗ್ದಿತ್ತು."

ಸಾಹೇಬರು ನಕ್ಕುಬಿಟ್ಟರು. ಬೀಗದ ಕೈ ಬಂತು, ಮೆಟ್ಟಿಲಿಗೆ ಕಬ್ಬಿಣದ ಹಿಡಿಕೆ ಬಂತು. ಗಿಡಗಂಟೆಯನ್ನು ಬೀದಿಯವರೇ ಸವರಿದರು. ಮಹಿಳಾ ಸಂಘದವರು ರಾಗಿ ಅಂಬಲಿ ಕಾಯಿಸಿ ತಂದರು. ಸರ್ಕಾರಿ ಆಸ್ಪತ್ರೆಯ ನರ್ಸು ಸೋಮವಾರ ಬಂದು ಬಿ.ಪಿ. ನೋಡುತ್ತಿದ್ದಳು. ಎಲ್ಲ ಇತ್ತು. ಕಂಡಕ್ಟರ ಬಾಗಿಲು ತಟ್ಟುವವರು ಯಾರು ಎಂಬುದನ್ನು ಮಾತ್ರ ನಮ್ಮಲ್ಲಿ ಯಾರೂ ನಿಜವಾಗಿ ಯೋಚಿಸಿರಲಿಲ್ಲ. ಒಮ್ಮೆ ಅಮ್ಮ ತಮಾಷೆಗೆ ಕೇಳಿದ್ದಳಂತೆ. "ಕಂಡಕ್ಟ್ರಿಗೆ ಯಾರಾನ ಸೀಟ್ ಹಿಡೀತಾರೇನವ್ವ?" ಎಂದು ಅವರು ನಕ್ಕಿದ್ದರಂತೆ.

ಹೋದ ಕಾರ್ತಿಕದ ಒಂದು ಸೋಮವಾರ ಬಾಗಿಲು ಸದ್ದು ಮಾಡಲಿಲ್ಲ. ಅಮ್ಮ ಸ್ವೆಟರು ತೊಟ್ಟು, ಚಪ್ಪಲಿ ಮೆಟ್ಟಿ, ಕುರ್ಚಿಯಲ್ಲಿ ಕಾದಳು. "ಚಳಿ ಅಲ್ವಾ, ಮಲ್ಗವ್ರೇನೋ ಪಾಪ," ಎಂದಳು. ಪ್ರತಿ ಮನೆಯಲ್ಲೂ ಹೀಗೇ ಒಬ್ಬೊಬ್ಬರು ಬಾಗಿಲ ಹಿಂದೆ ಸಿದ್ಧರಾಗಿ ಕುಳಿತಿದ್ದರೆಂದು ಆಮೇಲೆ ಗೊತ್ತಾಯಿತು. ತಟ್ಟಿಸಿಕೊಳ್ಳದೆ ಹೊರಡುವ ಅಭ್ಯಾಸ ಯಾರಿಗೂ ಇರಲಿಲ್ಲ. ಪಾರ್ಕಿನಲ್ಲಿ ಕಾದು ಸಾಕಾಗಿ ನರ್ಸೇ ಬೀದಿ ಹತ್ತಿ ಬಂದಳು. "ಯಾಕೆ ಯಾರೂ ಬಂದಿಲ್ಲ?" ಎಂದು ಅವಳು ಕೇಳಿದ ಮೇಲೆಯೇ ನಾವು ಮೇಲ್ತುದಿಗೆ ಓಡಿದ್ದು.

ಬಾಗಿಲು ಒಡೆದೆವು. ಬಚ್ಚಲಲ್ಲಿ ಬಿದ್ದಿದ್ದರು. ಉಸಿರಿತ್ತು. ತುಮಕೂರಿನ ಆಸ್ಪತ್ರೆಯಲ್ಲಿ ಡಾಕ್ಟರು, "ಬೆಳಗಿನ ಜಾವ ಬಿದ್ದಿರೋ ಹಾಗಿದೆ. ಆಗ್ಲೇ ಯಾರೂ ನೋಡ್ಲಿಲ್ವಾ?" ಎಂದರು. ಸಂಜೆಗೆ ಕಂಡಕ್ಟರು ತೀರಿಕೊಂಡರು.

ಈಗ ಕೊನೆಯ ಮನೆಯವರು ಮೊದಲ ಮನೆಯ ಬಾಗಿಲು ತಟ್ಟಬೇಕೆಂದು ಮಾಡಿಕೊಂಡಿದ್ದೇವೆ. ಎಷ್ಟು ಸುಲಭದ ಉಪಾಯ, ಅದು ಹೊಳೆಯಲು ಅವರು ಸಾಯಬೇಕಾಯಿತು. ಕೊನೆಯ ಮನೆ ನಮ್ಮದೇ. ಮಂಚ ಬಿಟ್ಟೇಳದಿದ್ದ ಅಮ್ಮ ಈಗ ಎಲ್ಲರಿಗಿಂತ ಮುಂಚೆ ಎದ್ದು, ಗೋಡೆ ಹಿಡಿದು ಬೀದಿ ಹತ್ತುತ್ತಾಳೆ. ಅವರ ಕೋಣೆಗೆ ಬೇರೆ ಬಾಡಿಗೆಯವರು ಬಂದಿದ್ದಾರೆ, ಸಣ್ಣ ವಯಸ್ಸಿನವರು, ಮಲಗಿರುತ್ತಾರೆ. ಅಮ್ಮ ಮೊದಲು ಆ ಬಾಗಿಲಿನ ಮುಂದೆಯೇ ನಿಲ್ಲುತ್ತಾಳೆ. ಕೈ ಎತ್ತುತ್ತಾಳೆ. ತಟ್ಟದೆ ಪಕ್ಕದ ಮನೆಗೆ ಹೋಗುತ್ತಾಳೆ.